ಓದಿದ್ದೆಂದು ಭಾವಿಸಲಾಗಿದೆ

ಎಲೆಯ ಮುಂದಿನಿಂದ ಸೇವಂತಿಯನ್ನು ಎಬ್ಬಿಸಿದರು. ಅನ್ನ ಬಡಿಸಿ ಆಗಿತ್ತು. ಸಾರು ಬರುತ್ತಿತ್ತು. ಅವಳು ಅನ್ನದ ನಡುವೆ ಗುಳಿ ಮಾಡಿಕೊಂಡು ಕಾಯುತ್ತಿದ್ದಳು.

ಎಬ್ಬಿಸಿದವರು ಟ್ರಸ್ಟಿನ ಅಧ್ಯಕ್ಷರು, ಗೋವಿಂದಯ್ಯನವರು. ಬೈಯಲಿಲ್ಲ. ದನಿ ಏರಿಸಲಿಲ್ಲ. ಗುಟ್ಟು ಹೇಳುವವರ ಹಾಗೆ ಬಗ್ಗಿದರು. ಆದರೆ ಸಾಲಿನ ಕೊನೆಯವರಿಗೂ ಕೇಳಿಸಿತು.

"ನೀವು ನಮ್ಮ ಚನಿಯಾರುವಿನ ಮಗಳಲ್ವಾ? ಕಡಬದ ನಮ್ಮ ಜಾಗಕ್ಕೆ ಕೆಲಸಕ್ಕೆ ಬರುವ ಚನಿಯಾರು?"

"ಹೌದು."

"ಮುಖ ಕಂಡಾಗಲೇ ಅಂದುಕೊಂಡೆ. ತುಂಬಾ ಸಂತೋಷ. ಇಷ್ಟೆಲ್ಲ ಕಲ್ತಿದ್ದೀರಿ. ನಿಮಗೆ ಆಚೆ ವ್ಯವಸ್ಥೆ ಮಾಡಿ ಉಂಟು. ಬನ್ನಿ."

ಏಳು ಎನ್ನಲಿಲ್ಲ, ಬನ್ನಿ ಎಂದರು. ಈ ಕಡೆಯ ರೀತಿಯೇ ಹಾಗೆ. ಮರ್ಯಾದೆ ಕೊಟ್ಟೇ ಮರ್ಯಾದೆ ತೆಗೆಯುತ್ತಾರೆ.

ಏಳಬಾರದು ಎಂದು ತಲೆಗೆ ಹೊಳೆಯುವ ಮೊದಲೇ ಅವಳ ಕಾಲು ಎದ್ದಿತ್ತು. ಕಾಲಿಗೆ ಅಭ್ಯಾಸವಿತ್ತು. ಎರಡು ಸಾಲುಗಳ ನಡುವೆ, ಅನ್ನ ಮೆತ್ತಿದ ಕೈಯನ್ನು ಎಲ್ಲಿ ಇಡಬೇಕೆಂದು ತಿಳಿಯದೆ, ಅವಳು ನಡೆದಳು. ಬೆಂಗಳೂರಿನವರು, ಧಾರವಾಡದವರು, ಅವಳದೇ ವಿಭಾಗದವರು ಅಲ್ಲಿ ಕುಳಿತಿದ್ದರು. ಬೆಳಿಗ್ಗೆ ಅವಳೊಂದಿಗೆ ಚರ್ಚೆ ಮಾಡಿದವರು. ಎಲ್ಲರೂ ತಮ್ಮ ತಮ್ಮ ಎಲೆ ನೋಡುತ್ತಿದ್ದರು. ಎಲೆಯಲ್ಲಿ ಏನೋ ಬರೆದಿರುವ ಹಾಗೆ.

ಆಚೆ ಎಂದರೆ ಸಭಾಭವನದ ಹಿಂದೆ, ಸೌದೆ ಹಾಕುವ ಕೊಟ್ಟಿಗೆ. ಅಲ್ಲಿ ಆಗಲೇ ಒಂದು ಎಲೆಯ ಮುಂದೆ ಆಲೀಸ್ ಕುಳಿತಿದ್ದಳು. ಸೇವಂತಿಯ ಜೊತೆಯಲ್ಲೇ ಸಂಶೋಧನೆ ಮಾಡುವವಳು. ಕೇರಳದಿಂದ ಬಂದು ನೆಲ್ಯಾಡಿಯಲ್ಲಿ ರಬ್ಬರ್ ಹಾಕಿದ ಕ್ರೈಸ್ತ ಚಾಕೋನ ಮಗಳು.

"ನಿನ್ನನ್ನೂ ಎಬ್ಬಿಸಿದರಾ?" ಎಂದಳು ಸೇವಂತಿ.

"ನಾನು ಒಳಗೆ ಹೋಗಲೇ ಇಲ್ಲ. ಬಾಗಿಲಲ್ಲೇ ಹೆಸರು ಕೇಳಿದರು. ಕೂತುಕೋ ಮಾರಾಯ್ತಿ, ತಣಿಯುತ್ತದೆ."

ಸೇವಂತಿ ಕುಳಿತಳು. ಉಂಡಳು. ಹಸಿವಾಗಿತ್ತು. ಕಡಬದಿಂದ ಮೊದಲ ಬಸ್ಸಿಗೆ ಹೊರಟವಳು. ಉಂಡು ಕೈ ತೊಳೆಯುವಾಗ ಅವಳಿಗೆ ತನ್ನ ಕೈಯ ಮೇಲೆಯೇ ಹೇಸಿಗೆಯಾಯಿತು.

ಅದು ಎಂಬತ್ತನಾಲ್ಕರ ಬೇಸಗೆ. ತತ್ವಶಾಸ್ತ್ರದ ಸಂಶೋಧನ ವಿದ್ಯಾರ್ಥಿಗಳ ಸಮ್ಮೇಳನ ಪುತ್ತೂರಿನಲ್ಲಿ ಆಗುವುದು ಅದೇ ಮೊದಲು. ಗೋವಿಂದಯ್ಯನವರ ಟ್ರಸ್ಟು ಸಭಾಭವನ ಕೊಟ್ಟಿತ್ತು, ಊಟ ಕೊಟ್ಟಿತ್ತು. ಊಟ ಕೊಟ್ಟವರು ಯಾರು ಯಾವ ಸಾಲಿನಲ್ಲಿ ಎಂದೂ ಹೇಳುತ್ತಾರೆ.

ಸೇವಂತಿ ಮೇರರವಳು, ಮುಟ್ಟಬಾರದವರೆಂದು ಊರು ಹೊರಗಿಟ್ಟ ಜಾತಿಯವಳು. ಕಡಬದ ಹತ್ತಿರದ ಕಾಲನಿಯವಳು. ಅಪ್ಪ ಐತ ರೈಲುದಾರಿಯ ಕೆಲಸಕ್ಕೆ ಹೋಗಿ, ಸುರಂಗದ ದೂಳು ಕುಡಿದು, ಎದೆ ಕಟ್ಟಿ ಸತ್ತ. ತಾಯಿ ಚನಿಯಾರು ಹಳಿಯ ಅಡಿಗೆ ಹಾಕುವ ಜಲ್ಲಿ ಒಡೆದಳು. ರೈಲು ಓಡಲು ಶುರುವಾದ ಮೇಲೆ ಗುಂಡ್ಯದಲ್ಲಿ ಹೆದ್ದಾರಿಗೆ ಜಲ್ಲಿ ಒಡೆದಳು. ಆ ಕೆಲಸ ಇಲ್ಲದಾಗ ಗೋವಿಂದಯ್ಯನವರ ಜಾಗದಲ್ಲಿ ಅಡಿಕೆ ಮರಗಳಿಗೆ ಗೊಬ್ಬರ ಹೊತ್ತಳು. ಕಲ್ಲಿನ ಚೂರು ಹಾರಿ ಅವಳ ಎಡಗಣ್ಣು ಮಸುಕಾಗಿತ್ತು. ಆ ರೈಲನ್ನು ಅವಳು ಒಮ್ಮೆಯೂ ಹತ್ತಿರಲಿಲ್ಲ.

ಸೇವಂತಿ ಹಾಸ್ಟೆಲಿನಲ್ಲಿ ಓದಿದಳು. ತತ್ವಶಾಸ್ತ್ರ ಅವಳು ಆರಿಸಿಕೊಂಡದ್ದಲ್ಲ. ಬೇರೆ ಯಾವ ವಿಭಾಗದಲ್ಲೂ ಸೀಟು ಸಿಗಲಿಲ್ಲ, ಇಲ್ಲಿ ಸಿಕ್ಕಿತು. ಸೇರಿದ ಮೇಲೆ ಅದು ಅವಳನ್ನು ಹಿಡಿದುಕೊಂಡಿತು. ಮೊದಲ ವರ್ಷ ಒಂದು ಪಾಠದಲ್ಲಿ ಮೇಷ್ಟ್ರು ಕಾರಣ ಎಂದರೇನು ಎಂದು ವಿವರಿಸಿದರು. ಮಡಕೆಗೆ ಮಣ್ಣು ಕಾರಣ. ಕುಂಬಾರ ಕಾರಣ. ಚಕ್ರ ಕಾರಣ, ಕೋಲು ಕಾರಣ. ಆದರೆ ಮಣ್ಣು ಹೊತ್ತು ತಂದ ಕತ್ತೆ ಕಾರಣವಲ್ಲ. ಆ ಕತ್ತೆ ಇಲ್ಲದಿದ್ದರೆ ಇನ್ನೊಂದು ಕತ್ತೆ ತರುತ್ತಿತ್ತು. ಆದ್ದರಿಂದ ಅದನ್ನು ಲೆಕ್ಕಕ್ಕೆ ಹಿಡಿಯಬೇಕಾಗಿಲ್ಲ. ಶಾಸ್ತ್ರದಲ್ಲಿ ಅದಕ್ಕೆ ಅನ್ಯಥಾಸಿದ್ಧ ಎಂದು ಹೆಸರು.

ತರಗತಿ ನಕ್ಕಿತು. ಸೇವಂತಿಗೆ ನಗು ಬರಲಿಲ್ಲ. ರಜೆಯಲ್ಲಿ ಮನೆಗೆ ಬಂದಾಗ ತಾಯಿಗೆ ಹೇಳಿದಳು. ಚನಿಯಾರು ಒಲೆಗೆ ಊದುತ್ತಿದ್ದವಳು ತಲೆ ಎತ್ತಿದಳು.

"ಕತ್ತೆಯಾ? ನಮ್ಮಲ್ಲಿ ಕತ್ತೆ ಎಲ್ಲಿ ಉಂಟು? ಇಲ್ಲಿ ಹೊರುದು ನಾವೇ ಅಲ್ವಾ?"

ಹೇಳಿ ಮತ್ತೆ ಊದಿದಳು. ಅವಳಿಗೆ ಅದು ಮಾತೇ ಅಲ್ಲ. ಸೇವಂತಿಗೆ ಆ ರಾತ್ರಿ ನಿದ್ದೆ ಬರಲಿಲ್ಲ. ಅಲ್ಲಿಂದ ಶುರುವಾದದ್ದು ಈ ಪ್ರಬಂಧ. ಹೊರುವವರನ್ನು ಲೆಕ್ಕದಿಂದ ಬಿಟ್ಟು ಕಾರಣದ ಲೆಕ್ಕ ಮುಗಿಯುತ್ತದೆಯೇ, ಬಿಟ್ಟವರು ಯಾರು, ಯಾಕೆ ಬಿಟ್ಟರು. ಮೂರು ವರ್ಷ ಅವಳು ಅದನ್ನೇ ಅಗೆದಿದ್ದಳು. ಸಂಸ್ಕೃತವನ್ನು ಅಕ್ಷರದಿಂದ ಕಲಿತಿದ್ದಳು. ಮಧ್ಯಾಹ್ನದ ಗೋಷ್ಠಿಯಲ್ಲಿ ಅದನ್ನು ಓದಬೇಕಾಗಿತ್ತು.

ಊಟವಾದ ಮೇಲೆ ಅವಳ ಮಾರ್ಗದರ್ಶಕರು ಕೊಟ್ಟಿಗೆಯ ಹತ್ತಿರ ಬಂದರು. ಪ್ರೊಫೆಸರ್ ತೀರ್ಥರಾಮ. ಸುಳ್ಯದ ಗೌಡರವರು. ಅವಳನ್ನು ವಿದ್ಯಾರ್ಥಿನಿಯಾಗಿ ತೆಗೆದುಕೊಳ್ಳಲು ಬೇರೆ ಯಾರೂ ಒಪ್ಪದಿದ್ದಾಗ ಒಪ್ಪಿದವರು. ಆ ಉಪಕಾರವನ್ನು ಅವರೂ ಮರೆತಿರಲಿಲ್ಲ, ಅವಳಿಗೂ ಮರೆಯಲು ಬಿಟ್ಟಿರಲಿಲ್ಲ.

"ಊಟ ಆಯ್ತಾ?"

"ಆಯಿತು ಸರ್."

"ಮನಸ್ಸಿಗೆ ಹಚ್ಚಿಕೊಳ್ಳಬೇಡ. ನಾನು ಕೂತದ್ದು ಸಹ ಎರಡನೇ ಸಾಲಿನಲ್ಲಿ. ಮೊದಲನೇ ಸಾಲು ಅವರ ಜಾತಿಯವರಿಗೆ. ಇಪ್ಪತ್ತು ವರ್ಷದಿಂದ ನಾನು ಎರಡನೇ ಸಾಲಿನಲ್ಲಿ ಉಣ್ಣುದು. ಸತ್ತೆನಾ?"

ಸೇವಂತಿ ಪ್ರಬಂಧದ ಹಾಳೆಗಳನ್ನು ಜೋಡಿಸಿಕೊಂಡಳು.

"ಈ ಊರು ಹೀಗೆಯೇ. ಬಗ್ಗಿ ನಡೆದರೆ ಬಾಗಿಲು ದಾಟಬಹುದು. ನಿನ್ನ ಪಿಎಚ್.ಡಿ. ಆಗಲಿ, ಆಮೇಲೆ ಬೇಕಾದ್ದು ಹೇಳು. ಈಗ ಆ ಜಲ್ಲಿ, ರೈಲು, ಹೊರುವವರು, ಅದೆಲ್ಲ ಬಿಡು. ಶಾಸ್ತ್ರದ ಭಾಗ ಮಾತ್ರ ಓದು."

"ಅದನ್ನು ಬಿಟ್ಟರೆ ಪ್ರಬಂಧ ಎಲ್ಲಿ ಉಳಿಯಿತು ಸರ್?"

ತೀರ್ಥರಾಮ ಅವಳ ಮುಖ ನೋಡಿದರು.  ಗೋವಿಂದಯ್ಯ ಜಗಲಿಯಲ್ಲಿ ನಿಂತು ಇತ್ತ ನೋಡುತ್ತಿದ್ದರು. ತೀರ್ಥರಾಮ ಆ ಕಡೆ ನಡೆದರು. ಇಬ್ಬರೂ ಸ್ವಲ್ಪ ಹೊತ್ತು ಮಾತಾಡಿದರು. ಮಾತೆಲ್ಲ ಗೋವಿಂದಯ್ಯನವರದು, ತಲೆ ಆಡಿಸಿದ್ದು ತೀರ್ಥರಾಮರದು.

ಗೋಷ್ಠಿಗೆ ಅಧ್ಯಕ್ಷರು ತೀರ್ಥರಾಮರೇ. ಧಾರವಾಡದ ಹುಡುಗ ಓದಿದ. ಬೆಂಗಳೂರಿನವನೊಬ್ಬ ತನ್ನ ಸಮಯ ಮುಗಿದರೂ ಓದುತ್ತಲೇ ಇದ್ದ. ತೀರ್ಥರಾಮ ಗಂಟೆ ಬಾರಿಸಲಿಲ್ಲ. ಅವನು ಕುಳಿತ ಮೇಲೆ ಸೇವಂತಿ ಹಾಳೆಗಳನ್ನು ಕೈಗೆತ್ತಿಕೊಂಡಳು. ತೀರ್ಥರಾಮ ಮೈಕನ್ನು ತಮ್ಮ ಕಡೆಗೆ ಎಳೆದುಕೊಂಡರು.

"ಸಮಯದ ಅಭಾವ. ಮುಂದಿನ ಪ್ರಬಂಧ ಕುಮಾರಿ ಸೇವಂತಿಯವರದು. ಅದನ್ನು ಓದಿದ್ದೆಂದು ಭಾವಿಸಲಾಗಿದೆ. ಈಗ ಕಾಫಿ."

ಹೇಳುವಾಗ ಅವರು ಅವಳನ್ನು ನೋಡಲಿಲ್ಲ.

ಕುರ್ಚಿಗಳು ಸರಿದವು.  ಸೇವಂತಿಯ ಕಾಲು ಮತ್ತೆ ಬಾಗಿಲ ಕಡೆ ತಿರುಗಲು ಹೋಯಿತು. ಈ ಸಲ ಅವಳು ಬಿಡಲಿಲ್ಲ. ನಿಂತಲ್ಲೇ ನಿಂತಳು.

"ಓದಿಲ್ಲ," ಎಂದಳು.

ಯಾರಿಗೂ ಕೇಳಿಸಲಿಲ್ಲ.  ಇನ್ನೊಮ್ಮೆ ಕೂಗಿದಳು. "ನಾನು ಓದಿಲ್ಲ! ನೀವು ಯಾರೂ ಕೇಳಿಲ್ಲ. ಓದಿದ್ದೆಂದು ಭಾವಿಸುದು ಹೇಗೆ?"

ಅವಳು ವೇದಿಕೆ ಹತ್ತಿದಳು. ಮೈಕು ಸತ್ತಿತು. ಯಾರೋ ಹಿಂದೆ ಸ್ವಿಚ್ಚು ಆರಿಸಿದ್ದರು. ಬರಿಯ ಗಂಟಲಿನಲ್ಲಿ ಓದಲು ಶುರು ಮಾಡಿದಳು.  ಕತ್ತೆ ಎಂಬ ಶಬ್ದ ಬಂದಾಗ ಯಾರೋ ಕತ್ತೆಯ ಹಾಗೆ ಕೂಗಿದರು. ನಗೆ ಎದ್ದಿತು. ಅವಳು ನಿಲ್ಲಿಸಲಿಲ್ಲ. ಜನ ಕಾಫಿಗೆ ಎದ್ದು ಹೋದರು. ಕೆಲವರು ಬಾಗಿಲಲ್ಲಿ ನಿಂತು ಲೋಟ ಹಿಡಿದುಕೊಂಡು ನೋಡಿದರು, ನಾಟಕ ನೋಡುವವರ ಹಾಗೆ. ತೀರ್ಥರಾಮ ಅಧ್ಯಕ್ಷರ ಕುರ್ಚಿಯಲ್ಲಿ ಕುಳಿತೇ ಇದ್ದರು. ಏಳಲೂ ಆಗದೆ, ಕೇಳಲೂ ಆಗದೆ. ಆಲೀಸ್ ಮಧ್ಯದ ಸಾಲಿನಲ್ಲಿ ಒಬ್ಬಳೇ ಉಳಿದಿದ್ದಳು. ಅವಳೂ ತಲೆ ಎತ್ತಲಿಲ್ಲ.

ಸೇವಂತಿ ಕೊನೆಯ ಸಾಲಿನವರೆಗೂ ಓದಿದಳು. ಯಾರೂ ಪ್ರಶ್ನೆ ಕೇಳಲಿಲ್ಲ. ಇಳಿದು ಬಂದಳು.

ಬಸ್ಸಿನಲ್ಲಿ ಆಲೀಸ್ ಪಕ್ಕದಲ್ಲಿ ಕುಳಿತಳು. ಉಪ್ಪಿನಂಗಡಿ ಬಂತು. ನೆಲ್ಯಾಡಿಗೆ ಹೋಗುವ ಆಲೀಸ್ ಅಲ್ಲಿ ಬಸ್ಸು ಬದಲಿಸಬೇಕು. ಏಳುವಾಗ ಹೇಳಿದಳು:

"ನಾವು ಹೊರಗಿನಿಂದ ಬಂದವರು ಸೇವಂತಿ. ಅಪ್ಪನ ಜಾಗದ ಪಟ್ಟೆ ಇನ್ನೂ ಆಗಿಲ್ಲ. ಗೋವಿಂದಯ್ಯನವರ ಕಡೆಯವರೇ ತಾಲೂಕು ಆಫೀಸಿನಲ್ಲಿ ಇರುದು. ನಾನು ಬಾಯಿ ತೆರೆದರೆ..."

"ಇಳಿ, ಬಸ್ಸು ಹೋಗುತ್ತದೆ," ಎಂದಳು ಸೇವಂತಿ.

ಸುದ್ದಿ ಅವಳಿಗಿಂತ ಮೊದಲೇ ಕಾಲನಿ ಮುಟ್ಟಿತ್ತು. ಗೋವಿಂದಯ್ಯನವರ ಜಾಗ ನೋಡಿಕೊಳ್ಳುವ ರೈಟರು ಬಂದು ಹೇಳಿ ಹೋಗಿದ್ದ. ಚನಿಯಾರು ಬಾಗಿಲಲ್ಲಿ ನಿಂತಿದ್ದಳು. ಮಗಳು ಹತ್ತಿರ ಬಂದಳೋ ಇಲ್ಲವೋ, ಕೆನ್ನೆಗೆ ಹೊಡೆದಳು. ಕಲ್ಲು ಒಡೆದ ಕೈ. ಸೇವಂತಿಯ ಬಾಯಲ್ಲಿ ರಕ್ತ ಬಂತು.

"ಹೊರಗೆ ಕೂತುಕೊಂಡು ಉಂಡರೆ ನಿನ್ನ ಹೊಟ್ಟೆ ತುಂಬುದಿಲ್ಲವಾ? ನಾನು ಇಷ್ಟು ವರ್ಷ ಎಲ್ಲಿ ಕೂತು ಉಂಡದ್ದು?"

"ಉಂಡೆ ಅಪ್ಪೆ. ಹೊರಗೆಯೇ ಕೂತು ಉಂಡೆ."

"ಮತ್ತೆ ಎಂತ ಆಗಿತ್ತು ನಿನಗೆ?"

 ಚನಿಯಾರು ಕುಸಿದು ಕುಳಿತು, ಸೆರಗಿನಿಂದ ಮಗಳ ಬಾಯಿ ಒರಸಿದಳು. ಒರಸುತ್ತಾ ಮತ್ತೆ ಬೈದಳು. ಪಂಚಾಯತು ತೋಡಿಸಿದ ಬಾವಿಗೆ ಕಾಲನಿಯಿಂದ ಹೋಗುವ ದಾರಿ ಗೋವಿಂದಯ್ಯನವರ ಜಾಗದ ಮೇಲೆಯೇ. ಇಷ್ಟು ವರ್ಷ ಅವರು ಬಿಟ್ಟಿದ್ದರು. ಇನ್ನು ಬಿಡುವುದು ಬಿಡದಿರುವುದು ಹುಡುಗಿಯ ನಡತೆಯ ಮೇಲೆ ಎಂದು ರೈಟರು ಹೇಳಿದ್ದ.

ಭಾನುವಾರ ತೀರ್ಥರಾಮ ಕಾಲನಿಗೆ ಬಂದರು. ಕುರ್ಚಿ ಇರಲಿಲ್ಲ. ಚನಿಯಾರು ಚಾಪೆ ಹಾಸಿದಳು. ಅವರು ಕುಳಿತರು. ನೀರು ಕೊಟ್ಟಾಗ ಕುಡಿದರು. ಚನಿಯಾರು ಬಾಯಿ ತೆರೆದು ನೋಡಿದಳು. ಅಂಥವರು ಅವಳ ಮನೆಯ ನೀರು ಕುಡಿದದ್ದು ಅವಳು ಕಂಡದ್ದೇ ಇಲ್ಲ. ಅದಕ್ಕಾಗಿಯೇ ಅವರು ಕುಡಿದರೋ ಏನೋ ಎಂದು ಸೇವಂತಿಗೆ ಅನ್ನಿಸಿತು.

"ನೋಡು," ಎಂದರು ತೀರ್ಥರಾಮ. "ಗೋವಿಂದಯ್ಯನವರಿಗೆ ವಿಶ್ವವಿದ್ಯಾಲಯದಲ್ಲಿ ಮೇಲಿನವರೆಗೂ ಕೈ ಉಂಟು. ನಿನ್ನ ಫೆಲೋಶಿಪ್ಪು ಮುಂದುವರಿಯಬೇಕಾದರೆ ನಾನು ಶಿಫಾರಸು ಮಾಡಬೇಕು. ಮಾಡಬೇಡ ಎಂದು ನನಗೆ ಹೇಳಿಸಿದ್ದಾರೆ. ಮಾಡಿದರೆ ನನ್ನ ಕುರ್ಚಿಯೂ ಅಲ್ಲಾಡುತ್ತದೆ. ನಾನು ಬೇಡಿಕೊಂಡು ಒಂದು ದಾರಿ ಮಾಡಿಸಿದ್ದೇನೆ. ತಪ್ಪಾಯಿತು ಅಂತ ಅವರ ಅಂಗಳದಲ್ಲಿ ಒಂದು ಮಾತು ಹೇಳು. ಎರಡು ಶಬ್ದ. ಅಷ್ಟೇ."

"ಯಾವ ತಪ್ಪು ಸರ್?"

"ಯಾವುದಾದರೂ ಒಂದು. ಅದನ್ನು ಯಾರು ಕೇಳುತ್ತಾರೆ?"

"ನೀವು ನನಗೆ ತರ್ಕ ಕಲಿಸಿದವರು."

ತೀರ್ಥರಾಮರ ಮುಖ ಕಪ್ಪಿಟ್ಟಿತು. "ತರ್ಕ ಕ್ಲಾಸಿನಲ್ಲಿ," ಎಂದರು. ಎದ್ದು ಚನಿಯಾರುವಿನ ಕಡೆ ತಿರುಗಿದರು. "ನೀವೇ ಹೇಳಿ ಅವಳಿಗೆ."

ಚನಿಯಾರು ಹೇಳಲಿಲ್ಲ. ಊಟ ಬಿಟ್ಟಳು. ಒಲೆ ಹಚ್ಚಲಿಲ್ಲ. ಅಕ್ಕಪಕ್ಕದ ಹೆಂಗಸರು ಬಂದು ಬಂದು ಬಾಗಿಲಲ್ಲಿ ನಿಂತರು. ಬಾವಿಯ ದಾರಿ ನಿಂತರೆ ಗುಡ್ಡದ ಆಚೆ ಹರಿಯುವ ತೋಡಿನಿಂದ ನೀರು ಹೊರಬೇಕು. ಅವರಲ್ಲಿ ಒಬ್ಬಳು ಬಸುರಿ. ಯಾರೂ ಸೇವಂತಿಯನ್ನು ಬೈಯಲಿಲ್ಲ. ಸುಮ್ಮನೆ ನೋಡಿದರು. ಬೈದಿದ್ದರೆ ಒಳ್ಳೆಯದಿತ್ತು.

ಕೊನೆಗೆ ಸೇವಂತಿ, "ಹೋಗುವ," ಎಂದಳು.

ಪುತ್ತೂರಿನಲ್ಲಿ ಗೋವಿಂದಯ್ಯನವರ ಮನೆಯ ಅಂಗಳ. ನಡುಮಧ್ಯಾಹ್ನ. ಸೆಗಣಿ ಸಾರಿಸಿದ ನೆಲ ಬಿಸಿಲಿಗೆ ಕಾದಿತ್ತು. ಚನಿಯಾರು ಚಪ್ಪಲಿ ಗೇಟಿನ ಹೊರಗೆ ಬಿಡಲು ಹೇಳಿದ್ದಳು. ಇಬ್ಬರೂ ಕಾಲು ಬದಲಿಸುತ್ತಾ ನಿಂತರು. ಗೋವಿಂದಯ್ಯ ಊಟ ಮುಗಿಸಿ, ಎಲೆಯಡಿಕೆ ಹಾಕಿಕೊಂಡು, ಜಗಲಿಯ ಕುರ್ಚಿಯಲ್ಲಿ ಕುಳಿತರು. ಪಕ್ಕದ ಕುರ್ಚಿಯಲ್ಲಿ ತೀರ್ಥರಾಮ, ತುದಿಯಲ್ಲಿ.

"ಬಂದೆಯಾ," ಎಂದರು ಗೋವಿಂದಯ್ಯ. ಇಲ್ಲಿ ಬಹುವಚನ ಇರಲಿಲ್ಲ. "ನನಗೆ ಸಿಟ್ಟಿಲ್ಲ. ನಿನ್ನ ಅಮ್ಮ ನಮ್ಮ ಅನ್ನ ಉಂಡವಳು. ನೀನು ಮಗಳ ಹಾಗೆ. ಹೇಳುದು ಹೇಳಿಬಿಡು, ಮುಗಿಸುವ."

ಚನಿಯಾರು ಮಗಳ ಸೊಂಟಕ್ಕೆ ತಿವಿದಳು.

"ತಪ್ಪಾಯಿತು," ಎಂದಳು ಸೇವಂತಿ.

ತೀರ್ಥರಾಮ ಉಸಿರು ಬಿಟ್ಟರು. ಗೋವಿಂದಯ್ಯ ತಲೆಯಾಡಿಸಿದರು. ಅಲ್ಲಿಗೆ ಮುಗಿಯಬಹುದಿತ್ತು. ಸೇವಂತಿಯೇ ಮುಗಿಯುತ್ತದೆ ಎಂದುಕೊಂಡಿದ್ದಳು. ಆದರೆ ಗೋವಿಂದಯ್ಯನವರಿಗೆ ಸಾಕಾಗಲಿಲ್ಲ.

"ಎಂತ ತಪ್ಪು? ಅದನ್ನೂ ಹೇಳು. ನಾಲ್ಕು ಜನ ಕೇಳಲಿ."

ಕೆಲಸದವರು ಕೈ ನಿಲ್ಲಿಸಿ ನೋಡುತ್ತಿದ್ದರು. ಸೇವಂತಿಯ ಅಂಗಾಲು ಸುಡುತ್ತಿತ್ತು. 

"ನೀವು ಎಲೆಯ ಮುಂದಿನಿಂದ ಬನ್ನಿ ಅಂದಾಗ ನಾನು ಎದ್ದು ಬಂದೆ. ಅದು ತಪ್ಪು. ಏಳಬಾರದಿತ್ತು. ಕೊಟ್ಟಿಗೆಯಲ್ಲಿ ಕೂತು ನಿಮ್ಮ ಅನ್ನ ಉಂಡೆ. ಅದು ತಪ್ಪು. ಈಗ ಇಲ್ಲಿ ಬಂದು ನಿಂತದ್ದು ಮೂರನೇ ತಪ್ಪು."

 ಚನಿಯಾರು ಒಮ್ಮೆಲೇ ನೆಲಕ್ಕೆ ಬಿದ್ದಳು. ಆ ಕಾದ ಅಂಗಳದಲ್ಲಿ ಮೊಣಕಾಲೂರಿ ಕೈ ಮುಗಿದಳು.

"ಧಣೀ, ಅದಕ್ಕೆ ಬುದ್ಧಿ ಇಲ್ಲ. ಅದು ನನ್ನ ತಪ್ಪು. ನಾನು ಕಲಿಸಿದ್ದು ತಪ್ಪು. ದಾರಿ ಕಟ್ಟಬೇಡಿ ಧಣೀ."

ಸೇವಂತಿ ತಾಯಿಯ ಕೈ ಹಿಡಿದಳು. ಜೋಡಿಸಿದ ಕೈಗಳನ್ನು ಬಿಡಿಸಲು ಎಳೆದಳು. ಬಿಡಲಿಲ್ಲ. ಬೆರಳಿನ ಸಂದಿಗೆ ಬೆರಳು ತುರುಕಿ ಎಳೆದಳು. ಚನಿಯಾರು ಹಲ್ಲು ಕಚ್ಚಿ ಹಿಡಿದಿದ್ದಳು. ತಾಯಿ ಮಗಳು ಆ ಅಂಗಳದಲ್ಲಿ ಜಗಳಕ್ಕೆ ಬಿದ್ದವರ ಹಾಗೆ ಒದ್ದಾಡಿದರು. ಜಗಲಿಯಲ್ಲಿ ಯಾರೋ ನಕ್ಕರು. ಕೊನೆಗೆ ಸೇವಂತಿ ತಾಯಿಯ ಕಂಕುಳಿಗೆ ಕೈ ಹಾಕಿ, ಗೊಬ್ಬರದ ಬುಟ್ಟಿ ಎತ್ತುವ ಹಾಗೆ ಎತ್ತಿ, ಗೇಟಿನ ಹೊರಗೆ ಎಳೆದುಕೊಂಡು ಬಂದಳು. ಕೈ ಮುಗಿದದ್ದು ಮುಗಿದ ಹಾಗೆಯೇ ಇತ್ತು. ಬಸ್ಸಿನಲ್ಲಿ ಕುಳಿತ ಮೇಲೂ ಚನಿಯಾರು ಅದನ್ನು ಮಡಿಲಲ್ಲಿ ಹಾಗೆಯೇ ಇಟ್ಟುಕೊಂಡಿದ್ದಳು.

ಎರಡು ದಿನದಲ್ಲಿ ಬೇಲಿ ಬಂತು. ಮರದ ಗೂಟ ಹುಗಿದು, ಅಡ್ಡ ಕಟ್ಟಿ, ಮುಳ್ಳು ಒಟ್ಟಿದರು. ಫೆಲೋಶಿಪ್ಪು ನಿಂತಿತು. ತೀರ್ಥರಾಮ ಮತ್ತೆ ಬರಲಿಲ್ಲ. ಸೇವಂತಿ ತಾಯಿಯ ಜೊತೆ ಗುಂಡ್ಯಕ್ಕೆ ಜಲ್ಲಿ ಒಡೆಯಲು ಹೋದಳು. ಮೊದಲ ದಿನವೇ ಅಂಗೈಯಲ್ಲಿ ಬೊಬ್ಬೆ ಎದ್ದು ಒಡೆದವು. ಚನಿಯಾರು ಪಕ್ಕದಲ್ಲೇ ಕುಳಿತು ಒಡೆಯುತ್ತಿದ್ದಳು. ಮಗಳ ಕೈ ನೋಡಿದಳು. ಪುತ್ತೂರಿನಿಂದ ಬಂದ ಮೇಲೆ ಅವಳು ಮಗಳ ಜೊತೆ ಮಾತು ಬಿಟ್ಟಿದ್ದಳು.

ಕಾಲನಿಯ ಹೆಂಗಸರು ಗುಡ್ಡ ಹತ್ತಿಳಿದು ತೋಡಿನ ನೀರು ಹೊತ್ತರು. ಈಗ ಬೈಯತೊಡಗಿದರು. "ಇವಳ ನಾಲಿಗೆಗೆ ನಮ್ಮ ಸೊಂಟ ಹೋಯಿತು." ಬಸುರಿ ಹೆಂಗಸು ದಾರಿಯಲ್ಲಿ ಜಾರಿ ಬಿದ್ದಳು. ಹೊಟ್ಟೆ ಉಳಿಯಿತು, ಕೊಡ ಒಡೆಯಿತು.

ಅದರ ಮರುದಿನ ಬೆಳಿಗ್ಗೆ, ಎಲ್ಲರೂ ನೋಡುತ್ತಿರುವಾಗಲೇ, ಸೇವಂತಿ ಕತ್ತಿ ಹಿಡಿದುಕೊಂಡು ಹೋದಳು. ಮುಳ್ಳು ಎಳೆದು ಬಿಸಾಡಿದಳು. ಗೂಟ ಕಡಿದಳು. ಒಂದು ಕೊಡ ನೀರು ಸೇದಿ, ಆ ದಾರಿಯಲ್ಲೇ ಹೊತ್ತು ತಂದು ಬಸುರಿಯ ಬಾಗಿಲಲ್ಲಿ ಇಟ್ಟಳು. ಯಾರೂ ಒಳ್ಳೆಯದಾಯಿತು ಎನ್ನಲಿಲ್ಲ. ಸಂಜೆಯೊಳಗೆ ರೈಟರು ಬೇಲಿ ಮತ್ತೆ ಕಟ್ಟಿಸಿದ. ಗೂಟ ಈ ಸಲ ದಪ್ಪ. "ಇನ್ನೊಮ್ಮೆ ಮುಟ್ಟಿದರೆ ಠಾಣೆ," ಎಂದು ಕೂಗಿ ಹೇಳಿ ಹೋದ.

ಬೆಳಿಗ್ಗೆ ಅವಳು ಮತ್ತೆ ಹೋದಳು. ಜಲ್ಲಿಯ ಗಾಯಕ್ಕೆ ಕತ್ತಿಯ ಹಿಡಿ ಉಜ್ಜಿ ರಕ್ತ ಬಂತು. ಗೂಟ ಹಲಸಿನದು, ಗಟ್ಟಿ. ಏಟು ಬಿದ್ದಲ್ಲಿ ಬರೀ ಚಕ್ಕೆ ಹಾರಿತು. ಕಾಲನಿಯ ಜನ ದೂರದಲ್ಲಿ ಗುಂಪಾಗಿ ನಿಂತಿದ್ದರು. ಆಚೆಯಿಂದ ರೈಟರು ಓಡಿ ಬರುವುದು ಕಾಣಿಸಿತು. ಅವನ ಹಿಂದೆ ಇನ್ನೂ ಇಬ್ಬರು.

ಅಷ್ಟರಲ್ಲಿ ಅವಳ ಪಕ್ಕದ ಗೂಟಕ್ಕೆ ಇನ್ನೊಂದು ಕತ್ತಿಯ ಏಟು ಬಿತ್ತು. ಒಂದೇ ಸಮನೆ, ಅವಸರವಿಲ್ಲದ, ಪಳಗಿದ ಏಟು.

"ಹಾಗೆ ಅಲ್ಲ," ಎಂದಳು ಚನಿಯಾರು. "ಬುಡಕ್ಕೆ ಓರೆಯಾಗಿ ಹಾಕು."

ಸೇವಂತಿ ಬುಡಕ್ಕೆ ಓರೆಯಾಗಿ ಹಾಕಿದಳು. ರೈಟರು ಬೊಬ್ಬೆ ಹೊಡೆಯುತ್ತಾ ಹತ್ತಿರವಾಗುತ್ತಿದ್ದ. ಗೂಟ ಇನ್ನೂ ಅರ್ಧ ಉಳಿದಿತ್ತು.